ಗಡ್ಡ ತೊಟ್ಟ ರಾಣಿ ಹ್ಯಾಟ್‌ಶೆಪ್ಸುಟ್

ಮಕ್ಕಳೇ, ಚೌಕಾಬಾರ, ಆಡು-ಹುಲಿ, ಅಳಗುಳಿಮಣೆ ಇವೆಲ್ಲ ನಿಮಗೆ ಗೊತ್ತೇ ಇವೆ. ಇವು ಬರೀ ಅದೃಷ್ಟದ ಆಟಗಳಲ್ಲ. ಯಾವ ಕಾಯನ್ನು ಯಾವಾಗ ನಡೆಸಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಯೋಚಿಸಿ ಆಡಬೇಕು. ಕಂಪ್ಯೂಟರಿನಲ್ಲಿಯೂ ಇಂಥ ಯುಕ್ತಿಯ ಆಟಗಳಿವೆ. ಅವುಗಳಲ್ಲಿ ನೀವು ಒಂದು ದೇಶದ ದೊರೆಯಾಗುತ್ತೀರಿ. ಊರು ಕಟ್ಟಬೇಕು, ಬೆಳೆ ಬೆಳೆಯಬೇಕು, ವ್ಯಾಪಾರ ಮಾಡಬೇಕು, ಶತ್ರು ಬಂದರೆ ಎದುರಿಸಬೇಕು. ಕಲ್ಲಿನ ಆಯುಧದಿಂದ ಆರಂಭಿಸಿ ರಾಕೆಟ್ಟಿನವರೆಗೆ ಬೆಳೆಯಬೇಕು.

ಬೇಸಿಗೆ ಶಿಬಿರವೊಂದರಲ್ಲಿ ಏಳನೇ ತರಗತಿಯ ಮಕ್ಕಳು ಡ್ರಾಯಿಂಗ್ ಶೀಟಿನ ಮೇಲೆ ಇಂಥದೇ ಒಂದು ಆಟ ತಯಾರಿಸುತ್ತಿದ್ದರು. ಒಂದೊಂದು ಗುಂಪಿಗೆ ಒಂದೊಂದು ಪ್ರಾಚೀನ ದೇಶ. ಪ್ರತಿ ಗುಂಪೂ ತನ್ನ ದೇಶಕ್ಕೆ ಒಬ್ಬ ದೊರೆಯನ್ನು ಆರಿಸಬೇಕು, ಆರಿಸಿದ್ದಕ್ಕೆ ಕಾರಣ ಹೇಳಬೇಕು. ಈಜಿಪ್ಟ್ ಸಿಕ್ಕಿದ ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ಒಬ್ಬನಿಗೆ ಚಿನ್ನದ ಮುಖವಾಡದ ಟುಟಂಖಾಮನ್ ಬೇಕು. ಇನ್ನೊಬ್ಬಳಿಗೆ ಕ್ಲಿಯೋಪಾತ್ರ ಬೇಕು. ಮತ್ತೊಬ್ಬನಿಗೆ ಯುದ್ಧ ಮಾಡಿದ ಎರಡನೇ ರಾಮ್‌ಸೆಸ್ ಬೇಕು. ತೀರ್ಮಾನ ನನ್ನ ಬಳಿಗೆ ಬಂತು.

ಟುಟಂಖಾಮನ್ ಹದಿನೆಂಟು ಹತ್ತೊಂಬತ್ತರ ವಯಸ್ಸಿಗೇ ತೀರಿಕೊಂಡವನು. 1922ರಲ್ಲಿ ಅವನ ಸಮಾಧಿ ಹೆಚ್ಚುಕಡಿಮೆ ಇದ್ದಂತೆಯೇ ಸಿಕ್ಕಿದ್ದರಿಂದ ಪ್ರಸಿದ್ಧನಾದ. ದೊರೆಯಾಗಿ ಹೆಚ್ಚೇನೂ ಮಾಡಲು ಅವನಿಗೆ ಸಮಯವಿರಲಿಲ್ಲ. ಕ್ಲಿಯೋಪಾತ್ರ ಗ್ರೀಕ್ ಮನೆತನದವಳು, ಈಜಿಪ್ಟಿನ ದೀರ್ಘ ಕಥೆಯ ಕೊನೆಯಲ್ಲಿ ಬಂದವಳು. ರಾಮ್‌ಸೆಸ್ ಆಗಬಹುದಿತ್ತು. ಆದರೆ ನಾನು ಮಕ್ಕಳಿಗೆ ಅವರು ಕೇಳಿರದ ಒಂದು ಹೆಸರು ಹೇಳಿದೆ. ಅದೇ ಹ್ಯಾಟ್‌ಶೆಪ್ಸುಟ್. ಕ್ಲಿಯೋಪಾತ್ರಳಿಗಿಂತ ಸುಮಾರು 1400 ವರ್ಷ ಮೊದಲು ಈಜಿಪ್ಟನ್ನು ಆಳಿದ ಮಹಿಳೆ ಈಕೆ. ರಾಣಿಯಾಗಿ ಅಲ್ಲ, ರಾಜನಾಗಿ! ಹೇಗೆಂದು ನೋಡೋಣ.

ಹ್ಯಾಟ್‌ಶೆಪ್ಸುಟ್ ಎಂಬ ಹೆಸರಿಗೆ ಕುಲೀನ ಸ್ತ್ರೀಯರಲ್ಲಿ ಮೊದಲಿಗಳು ಎಂದು ಅರ್ಥ. ತಂದೆ ಮೊದಲನೇ ಥುಟ್‌ಮೋಸ್, ತಾಯಿ ಅಹ್ಮೋಸ್. ಈಜಿಪ್ಟಿನ ದೊರೆಯನ್ನು ಫೇರೋ ಎಂದು ಕರೆಯುವುದು ರೂಢಿ. ತಂದೆ ಬಲಶಾಲಿಯಾದ ಫೇರೋ. ದಕ್ಷಿಣದಲ್ಲಿ ನುಬಿಯಾದ ಮೇಲೂ ಉತ್ತರದಲ್ಲಿ ಯೂಫ್ರಟಿಸ್ ನದಿಯವರೆಗೂ ದಂಡೆತ್ತಿ ಹೋಗಿದ್ದವನು. ನೈಲ್ ನದಿಯ ದಡದ ಥೀಬ್ಸ್ ನಗರ ಆಗ ದೇಶದ ಹಿರಿಮೆಯ ಸ್ಥಳ. ಈಗ ಅಲ್ಲಿ ಲಕ್ಸರ್ ಎಂಬ ಊರಿದೆ. ನೈಲ್‌ನ ಪೂರ್ವ ದಡದಲ್ಲಿ ಕಾರ್ನಾಕ್ ದೇವಾಲಯ, ಪಶ್ಚಿಮ ದಡದ ಬೋಳು ಬೆಟ್ಟಗಳಲ್ಲಿ ರಾಜರ ಸಮಾಧಿಗಳು.

ಅಂದಿನ ರಾಜಮನೆತನದ ಪದ್ಧತಿಯಂತೆ ಹ್ಯಾಟ್‌ಶೆಪ್ಸುಟ್ ತನ್ನ ಮಲಸಹೋದರ ಎರಡನೇ ಥುಟ್‌ಮೋಸ್‌ನನ್ನು ಮದುವೆಯಾದಳು. ಅವರಿಗೆ ನೆಫೆರುರೆ ಎಂಬ ಮಗಳು ಹುಟ್ಟಿದಳು. ಗಂಡ ಹೆಚ್ಚು ಕಾಲ ಬದುಕಲಿಲ್ಲ. ಅವನಿಗೆ ಐಸಿಸ್ ಎಂಬ ಇನ್ನೊಬ್ಬ ಹೆಂಡತಿಯಲ್ಲಿ ಒಬ್ಬ ಮಗನಿದ್ದ. ತಂದೆ ಸತ್ತಾಗ ಅವನು ತೀರಾ ಚಿಕ್ಕವನು. ಸುಮಾರು ಕ್ರಿ.ಪೂ. 1479ರಲ್ಲಿ ಆ ಮಗುವಿಗೇ ಪಟ್ಟ ಕಟ್ಟಿದರು. ಅವನೇ ಮೂರನೇ ಥುಟ್‌ಮೋಸ್. ಈ ಮೂವರು ಥುಟ್‌ಮೋಸರನ್ನು ಗೊಂದಲ ಮಾಡಿಕೊಳ್ಳಬೇಡಿ. ಒಬ್ಬ ತಂದೆ, ಒಬ್ಬ ಗಂಡ, ಒಬ್ಬ ಮಲಮಗ.

ಮಗು ರಾಜ್ಯ ಆಳಲಾಗದು. ದೊಡ್ಡವರು ಯಾರಾದರೂ ಅವನ ಪರವಾಗಿ ಆಡಳಿತ ನೋಡಿಕೊಳ್ಳಬೇಕು. ಆ ಕೆಲಸ ಹ್ಯಾಟ್‌ಶೆಪ್ಸುಟ್‌ಳ ಹೆಗಲಿಗೆ ಬಿತ್ತು. ಇದರಲ್ಲಿ ಹೊಸತೇನೂ ಇರಲಿಲ್ಲ. ಈಜಿಪ್ಟಿನಲ್ಲಿ ಹಿಂದೆಯೂ ತಾಯಂದಿರು ಚಿಕ್ಕ ರಾಜರ ಪರವಾಗಿ ಆಳಿದ್ದರು. ಮಗ ದೊಡ್ಡವನಾದ ಕೂಡಲೇ ಅಧಿಕಾರ ಬಿಟ್ಟುಕೊಟ್ಟು ಒಳಮನೆಗೆ ಹೋಗುತ್ತಿದ್ದರು. ಆದರೆ ಹ್ಯಾಟ್‌ಶೆಪ್ಸುಟ್ ಹಾಗೆ ಮಾಡಲಿಲ್ಲ. ಕೆಲವು ವರ್ಷಗಳ ನಂತರ ಆಕೆ ತಾನೇ ಫೇರೋ ಎಂದು ಕಿರೀಟ ಧರಿಸಿದಳು. ಮಾತ್‌ಕರೆ ಎಂಬ ಪಟ್ಟದ ಹೆಸರನ್ನೂ ಇಟ್ಟುಕೊಂಡಳು. ಹುಡುಗನನ್ನು ಪಟ್ಟದಿಂದ ಇಳಿಸಲಿಲ್ಲ. ಹೆಸರಿಗೆ ಇಬ್ಬರು ರಾಜರು, ಅಧಿಕಾರ ಮಾತ್ರ ಆಕೆಯದು.

ಇದು ನಡೆದದ್ದು ಆಳ್ವಿಕೆಯ ಏಳನೇ ವರ್ಷದ ಹೊತ್ತಿಗೆ ಎಂದು ನಮಗೆ ತಿಳಿದದ್ದು ಹೇಗೆ ಗೊತ್ತೇ? ಮಣ್ಣಿನ ಜಾಡಿಗಳಿಂದ! ಆಕೆಯ ಅಧಿಕಾರಿಯೊಬ್ಬನ ತಂದೆತಾಯಿಯ ಸಮಾಧಿ 1936ರಲ್ಲಿ ಸಿಕ್ಕಿತು. ಅದರೊಳಗಿನ ಒಂದು ಜಾಡಿಯ ಮೇಲೆ ಏಳನೇ ವರ್ಷ ಎಂದು ಬರೆದಿತ್ತು. ಇನ್ನೊಂದರ ಮೇಲೆ ಹ್ಯಾಟ್‌ಶೆಪ್ಸುಟ್‌ಳ ರಾಣಿಯ ಬಿರುದಿನ ಮುದ್ರೆ ಇತ್ತು. ಮತ್ತೆ ಕೆಲವದರ ಮೇಲೆ ಮಾತ್‌ಕರೆ ಎಂಬ ರಾಜನ ಹೆಸರಿನ ಮುದ್ರೆ ಇತ್ತು. ಹಳೆಯ ಮುದ್ರೆಯೂ ಹೊಸ ಮುದ್ರೆಯೂ ಒಂದೇ ಕಡೆ ಇವೆ ಎಂದರೆ, ಆಕೆ ಆ ಹೊತ್ತಿಗೆ ರಾಣಿಯಿಂದ ರಾಜನಾಗಿದ್ದಳು ಎಂದಾಯಿತಲ್ಲವೆ? ಪುರಾತತ್ವ ತಜ್ಞರು ಪತ್ತೇದಾರರಂತೆ ಕೆಲಸ ಮಾಡುವುದು ಹೀಗೆ.

ಈಜಿಪ್ಟಿನವರ ನಂಬಿಕೆಯಲ್ಲಿ ಫೇರೋ ಎಂದರೆ ಗಂಡಸೇ. ಅವನಿಗೆ ಗೊತ್ತಾದ ವೇಷವೂ ಇತ್ತು. ತಲೆಗೆ ಪಟ್ಟೆಪಟ್ಟೆ ವಸ್ತ್ರ, ಸೊಂಟಕ್ಕೆ ಗಿಡ್ಡ ಬಟ್ಟೆ, ಗಲ್ಲದ ಕೆಳಗೆ ಕಟ್ಟಿಕೊಳ್ಳುವ ಉದ್ದನೆಯ ಕೃತಕ ಗಡ್ಡ. ಗಂಡಸು ರಾಜರೂ ಕಟ್ಟಿಕೊಳ್ಳುತ್ತಿದ್ದದ್ದು ಕೃತಕ ಗಡ್ಡವನ್ನೇ! ಹ್ಯಾಟ್‌ಶೆಪ್ಸುಟ್‌ಳ ಮೊದಮೊದಲಿನ ಶಿಲ್ಪಗಳಲ್ಲಿ ಮೈಕಟ್ಟು ಹೆಣ್ಣಿನದು, ತಲೆಯ ಮೇಲಿನ ವಸ್ತ್ರ ರಾಜನದು. ಬರಬರುತ್ತಾ ಶಿಲ್ಪಗಳು ಪೂರ್ತಿ ಗಂಡಸಿನಂತೆಯೇ ಆದವು. ಆದರೆ ಪಕ್ಕದ ಬರಹದಲ್ಲಿ ಮಾತ್ರ ಹೆಣ್ಣಿಗೆ ಬಳಸುವ ಪ್ರತ್ಯಯಗಳು ಹಲವೆಡೆ ಹಾಗೆಯೇ ಉಳಿದವು. ನಾವು ಬಂದನು, ಬಂದಳು ಎನ್ನುವುದಿಲ್ಲವೆ? ಹಾಗೆ ಚಿತ್ರದಲ್ಲಿ ಬಂದನು, ಬರಹದಲ್ಲಿ ಬಂದಳು. ಆಕೆ ಯಾರನ್ನೂ ವಂಚಿಸುತ್ತಿರಲಿಲ್ಲ. ತಾನು ಹೆಣ್ಣೆಂಬುದು ಎಲ್ಲರಿಗೂ ಗೊತ್ತಿತ್ತು. ಗಡ್ಡ ರಾಜಪದವಿಯ ಗುರುತು, ಅಷ್ಟೆ.

ಅಧಿಕಾರ ಹಿಡಿದ ಮೇಲೆ ಅದಕ್ಕೆ ಸಮರ್ಥನೆ ಬೇಕು. ಆಕೆ ಅಮುನ್ ದೇವರೇ ತನ್ನ ತಂದೆ ಎಂಬ ಕಥೆಯನ್ನು ಗೋಡೆಯ ಮೇಲೆ ಕೆತ್ತಿಸಿದಳು. ಇದು ಪ್ರಚಾರ ಎಂದು ನಾನು ಮಕ್ಕಳಿಗೆ ಹೇಳಿದಾಗ ಅವರು ನಕ್ಕರು. ಇಂಥ ಪ್ರಚಾರ ಎಲ್ಲ ಕಾಲದಲ್ಲಿಯೂ ಇದೆ.

ಆಕೆಯ ಹೆಸರು ನಿಂತದ್ದು ಮುಖ್ಯವಾಗಿ ಮೂರು ಕೆಲಸಗಳಿಂದ. ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಪುಂಟ್ ದೇಶದ ಯಾತ್ರೆ.

ದೇವಾಲಯಗಳಿಗೆ ಧೂಪ ಬೇಕು. ನಮ್ಮ ಮನೆಗಳಲ್ಲಿ ಲೋಬಾನ, ಸಾಂಬ್ರಾಣಿ ಹಾಕುತ್ತಾರಲ್ಲ, ಅದೇ ಜಾತಿಯದು. ಮರದ ತೊಗಟೆಗೆ ಗಾಯ ಮಾಡಿದರೆ ಅಂಟು ಒಸರುತ್ತದೆ, ಅದು ಒಣಗಿ ಗಟ್ಟಿಯಾಗುತ್ತದೆ. ಬಾಣಂತಿಯರಿಗೆ ಕೊಡುವ ಬೋಳವೂ ಇಂಥದೇ ಮರದ ಅಂಟು. ಈ ಮರಗಳು ಈಜಿಪ್ಟಿನಲ್ಲಿ ಬೆಳೆಯುತ್ತಿರಲಿಲ್ಲ. ಕೆಂಪು ಸಮುದ್ರದ ಆಚೆ ದಕ್ಷಿಣದ ಪುಂಟ್ ಎಂಬ ನಾಡಿನಿಂದ ಬರಬೇಕಿತ್ತು. ಕೈಯಿಂದ ಕೈಗೆ ದಾಟಿ ಬರುವಷ್ಟರಲ್ಲಿ ಬೆಲೆ ಏರಿರುತ್ತಿತ್ತು. ಹ್ಯಾಟ್‌ಶೆಪ್ಸುಟ್ ತನ್ನ ಆಳ್ವಿಕೆಯ ಒಂಬತ್ತನೇ ವರ್ಷದ ಹೊತ್ತಿಗೆ ನೇರವಾಗಿ ಐದು ಹಡಗುಗಳನ್ನೇ ಅಲ್ಲಿಗೆ ಕಳುಹಿಸಿದಳು.

ಈ ಯಾತ್ರೆಯ ಕಥೆ ಆಕೆಯ ದೇವಾಲಯದ ಗೋಡೆಯ ಮೇಲೆ ಚಿತ್ರಕಥೆಯಂತೆ ಕೆತ್ತಲ್ಪಟ್ಟಿದೆ. ಪುಂಟ್‌ನ ಜನರ ಮನೆಗಳು ಕಂಬಗಳ ಮೇಲೆ ನಿಂತಿವೆ, ಹತ್ತಲು ಏಣಿಗಳಿವೆ. ಅಲ್ಲಿಯ ಒಡೆಯ ಪರಾಹು, ಅವನ ಹೆಂಡತಿ ದಪ್ಪ ಮೈಯ ಆತಿ ಬಂದವರನ್ನು ಎದುರುಗೊಳ್ಳುತ್ತಿದ್ದಾರೆ. ಹಡಗಿಗೆ ಕರಿಮರ, ಆನೆದಂತ, ಚಿನ್ನ, ಚಿರತೆಯ ಚರ್ಮ, ಧೂಪದ ರಾಶಿ ತುಂಬುತ್ತಿದ್ದಾರೆ. ಹಡಗಿನ ಹಗ್ಗಗಳ ಮೇಲೆ ಬಬೂನ್ ಎಂಬ ದೊಡ್ಡ ಕೋತಿಗಳು ಆಡುತ್ತಿವೆ. ಹಡಗಿನ ಕೆಳಗೆ ನೀರಿನಲ್ಲಿ ಮೀನು, ಸಿಗಡಿ ಮುಂತಾದ ಜೀವಿಗಳನ್ನು ಬಿಡಿಸಿದ್ದಾರೆ. ಎಷ್ಟು ಚೆನ್ನಾಗಿ ನೋಡಿ ಬಿಡಿಸಿದ್ದಾರೆಂದರೆ, ಸುಮಾರು 3400 ವರ್ಷಗಳ ನಂತರ ಮೀನುತಜ್ಞರು ಅವುಗಳಲ್ಲಿ ಹಲವನ್ನು ಕೆಂಪು ಸಮುದ್ರದ ಇಂಥ ಜಾತಿಯ ಮೀನು ಎಂದು ಗುರುತಿಸಿದರು! ಚಿತ್ರಕಾರ ಸ್ವತಃ ಯಾತ್ರೆಗೆ ಹೋಗಿದ್ದನೋ, ಹೋದವರ ಕೈಚಿತ್ರ ನೋಡಿ ಕೆತ್ತಿದನೋ, ಒಟ್ಟಿನಲ್ಲಿ ಯಾರೋ ಒಬ್ಬರು ನೀರಿನತ್ತ ಬಗ್ಗಿ ಗಮನವಿಟ್ಟು ನೋಡಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾಗಿ, ಹಡಗುಗಳು ಬರೀ ಧೂಪವನ್ನು ತರಲಿಲ್ಲ. 31 ಜೀವಂತ ಮರಗಳನ್ನೇ ತಂದವು. ಬೇರಿನ ಸುತ್ತ ಮಣ್ಣು ಇರುವಂತೆಯೇ ಕಿತ್ತು, ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಕೋಲಿಗೆ ಕಟ್ಟಿ ಹೊತ್ತು ಹಡಗಿಗೆ ಏರಿಸುವ ಚಿತ್ರವಿದೆ. ಹೊರನಾಡಿನ ಮರಗಳನ್ನು ಬೇರುಸಹಿತ ತಂದ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಮಣ್ಣು ಸಮೇತ ಏಕೆ ಎಂದು ಯೋಚಿಸಿ. ಗಿಡ ನೀರು ಹೀರುವುದು ದಪ್ಪ ಬೇರಿನಿಂದಲ್ಲ, ಅದರ ತುದಿಯ ಬಳಿ ಇರುವ ಕೂದಲಿನಂಥ ಸೂಕ್ಷ್ಮ ಬೇರುರೋಮಗಳಿಂದ. ಗಿಡವನ್ನು ಎಳೆದು ಕಿತ್ತರೆ ಅವು ಹರಿದುಹೋಗುತ್ತವೆ. ಮಣ್ಣಿನ ಮುದ್ದೆ ಇದ್ದರೆ ಉಳಿಯುತ್ತವೆ, ತೇವವೂ ಇರುತ್ತದೆ. ನಿಮ್ಮ ಶಾಲೆಯ ವನಮಹೋತ್ಸವದಲ್ಲಿ ಪ್ಲಾಸ್ಟಿಕ್ ಚೀಲದ ಸಸಿಯನ್ನು ಮಣ್ಣು ಒಡೆಯದಂತೆ ಗುಂಡಿಗೆ ಇಳಿಸಬೇಕು ಎಂದು ಮೇಷ್ಟ್ರು ಹೇಳುವುದೂ ಇದಕ್ಕಾಗಿಯೇ. ಪುಂಟ್‌ನ ಮಾಲಿಗೆ ಬೇರುರೋಮ ಎಂಬ ಹೆಸರು ಗೊತ್ತಿರಲಿಲ್ಲ. ಅನುಭವದಿಂದ ವಿಷಯ ಗೊತ್ತಿತ್ತು.

ಪುಂಟ್ ದೇಶ ಎಲ್ಲಿತ್ತು? ಗೋಡೆಯ ಮೇಲೆ ನಕ್ಷೆಯಿಲ್ಲ. ಇದಕ್ಕೆ ಕೋತಿಗಳು ಉತ್ತರ ಕೊಟ್ಟಿವೆ. ಈಜಿಪ್ಟಿನವರು ಬಬೂನ್‌ಗಳನ್ನು ಪವಿತ್ರವೆಂದು ಭಾವಿಸಿ, ಸತ್ತ ಮೇಲೆ ಮಮ್ಮಿ ಮಾಡಿ ಇಡುತ್ತಿದ್ದರು. ಈಜಿಪ್ಟಿನಲ್ಲಿ ಬಬೂನ್‌ಗಳು ಕಾಡಿನಲ್ಲಿ ಇರಲಿಲ್ಲ, ಹೊರಗಿನಿಂದ ಬಂದವು. ಪ್ರಾಣಿ ಕುಡಿಯುವ ನೀರು, ತಿನ್ನುವ ಸೊಪ್ಪುಸದೆಯ ಮೂಲಕ ಆ ನೆಲದ ಸ್ಟ್ರಾನ್ಷಿಯಂ ಎಂಬ ಧಾತು ಅದರ ಮೈ ಸೇರುತ್ತದೆ. ಒಂದೊಂದು ಪ್ರದೇಶದ ಬಂಡೆಗೂ ಸ್ಟ್ರಾನ್ಷಿಯಂ ಐಸೋಟೋಪುಗಳ ಪ್ರಮಾಣ ಬೇರೆ ಬೇರೆ. ಹಲ್ಲಿನ ಎನಾಮೆಲ್ ಮರಿಯಿದ್ದಾಗ ರೂಪುಗೊಳ್ಳುತ್ತದೆ, ಆಮೇಲೆ ಬದಲಾಗುವುದಿಲ್ಲ. ಅಂದರೆ ಹಲ್ಲು ಹುಟ್ಟೂರಿನ ಗುರುತನ್ನು ಕೊನೆಯವರೆಗೂ ಇಟ್ಟುಕೊಂಡಿರುತ್ತದೆ. ಕೂದಲು, ಮೂಳೆಗಳಲ್ಲಿ ಆಮೇಲೆ ಬದುಕಿದ ಊರಿನ ಗುರುತು ಇರುತ್ತದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಮ್ಮಿ ಬಬೂನ್‌ಗಳನ್ನು ಹೀಗೆ ಪರೀಕ್ಷಿಸಿ, ಅವುಗಳ ಮೂಲ ಇಂದಿನ ಇಥಿಯೋಪಿಯಾ, ಎರಿಟ್ರಿಯಾ, ಜಿಬೂಟಿ, ಸೊಮಾಲಿಯಾಗಳ ಕಡೆಗಿದೆ ಎಂದು ತೋರಿಸಿತು. 2023ರ ಡಿಎನ್ಎ ಅಧ್ಯಯನವೊಂದು ಎರಿಟ್ರಿಯಾದ ಕರಾವಳಿಯತ್ತ ಬೆರಳು ತೋರಿಸಿದೆ. ಕೋತಿಯ ಹಲ್ಲು ಭೂಪಟವಾಯಿತು ನೋಡಿ!

ಇಂಥ ಹಡಗು ನಿಜಕ್ಕೂ ಸಮುದ್ರದಲ್ಲಿ ತೇಲಬಲ್ಲದೇ ಎಂಬ ಅನುಮಾನವೂ ಕೆಲವರಿಗಿತ್ತು. 2008ರಲ್ಲಿ ವಿಜ್ಞಾನಿಗಳು ಈ ಗೋಡೆಚಿತ್ರಗಳನ್ನೂ ಹಳೆಯ ಹಡಗಿನ ಹಲಗೆಗಳನ್ನೂ ನೋಡಿ, ಸುಮಾರು 20 ಮೀಟರ್ ಉದ್ದದ ಹಡಗೊಂದನ್ನು ಕಟ್ಟಿ ಕೆಂಪು ಸಮುದ್ರಕ್ಕೆ ಇಳಿಸಿದರು. ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಹೊಡೆದಿರಲಿಲ್ಲ. ಒಂದರ ತೂತಿಗೆ ಇನ್ನೊಂದರ ನಾಲಿಗೆ ಸೇರಿಸುವ ಬಡಗಿಯ ಕೀಲುಗಳೇ ಎಲ್ಲ. ಹಡಗು ಚೆನ್ನಾಗಿಯೇ ಸಾಗಿತು.

ಇನ್ನು ಎರಡನೆಯ ಕೆಲಸ, ಒಬೆಲಿಸ್ಕ್. ಇದು ನಾಲ್ಕು ಮುಖದ, ಮೇಲೆ ಹೋದಂತೆ ಸಪೂರವಾಗುವ, ತುದಿ ಚೂಪಾದ ಒಂದೇ ಕಲ್ಲಿನ ಕಂಬ. ಸೂರ್ಯನಿಗೆ ಅರ್ಪಿಸಿದ್ದು. ಹ್ಯಾಟ್‌ಶೆಪ್ಸುಟ್ ಕಾರ್ನಾಕ್‌ನಲ್ಲಿ ಇಂಥ ಎರಡು ಜೊತೆ ನಿಲ್ಲಿಸಿದಳು. ಅವುಗಳಲ್ಲಿ ಒಂದು ಇಂದಿಗೂ ನಿಂತಿದೆ. ಎತ್ತರ ಸುಮಾರು 29 ಮೀಟರ್. ತೂಕ ಸುಮಾರು 320 ಟನ್. ಒಂದು ಆನೆ ನಾಲ್ಕೂವರೆ ಟನ್ ಎಂದಿಟ್ಟುಕೊಂಡರೆ 70 ಆನೆಗಳ ತೂಕ! ಈ ಕಂಬದ ಕೆಳಗಿನ ಬರಹದ ಪ್ರಕಾರ ಕಲ್ಲುಗಣಿಯಲ್ಲಿ ಕೆಲಸ ನಡೆದದ್ದು ಕೇವಲ ಏಳು ತಿಂಗಳು.

ಕಲ್ಲು ಗುಲಾಬಿ ಬಣ್ಣದ ಗ್ರಾನೈಟ್. ಬಂದದ್ದು ಸುಮಾರು 200 ಕಿಲೋಮೀಟರ್ ದೂರದ ಆಸ್ವಾನ್‌ನಿಂದ. ಆಗ ಕಬ್ಬಿಣದ ಉಳಿ ಇರಲಿಲ್ಲ. ತಾಮ್ರ, ಕಂಚು ಇದ್ದವು. ಆದರೆ ಗ್ರಾನೈಟ್‌ನಲ್ಲಿರುವ ಬೆಣಚುಕಲ್ಲಿನ ಹರಳುಗಳ ಮುಂದೆ ತಾಮ್ರ ಮೆತ್ತಗೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಹ್ಸ್ ಮಾಪಕದಲ್ಲಿ ಬೆಣಚಿಗೆ 7, ತಾಮ್ರಕ್ಕೆ ಸುಮಾರು 3. ಹಾಗಾದರೆ ಕಡಿದದ್ದು ಯಾವುದರಿಂದ? ಕಲ್ಲಿನಿಂದಲೇ. ಡಾಲರೈಟ್ ಎಂಬ ಕರಿಕಲ್ಲಿನ ಗುಂಡುಗಳನ್ನು ಎರಡೂ ಕೈಯಲ್ಲಿ ಎತ್ತಿ ಕುಕ್ಕಿ ಕುಕ್ಕಿ, ಗ್ರಾನೈಟನ್ನು ಪುಡಿ ಮಾಡುತ್ತಾ ಕಂಬದ ಸುತ್ತ ಕಾಲುವೆ ತೋಡುತ್ತಿದ್ದರು. 1922ರಲ್ಲಿ ಎಂಗೆಲ್‌ಬಾಕ್ ಎಂಬ ಎಂಜಿನಿಯರ್ ತಾನೇ ಆಸ್ವಾನ್‌ನಲ್ಲಿ ಇಂಥ ಗುಂಡು ಹಿಡಿದು ಒಂದು ಗಂಟೆ ಕುಕ್ಕಿ ನೋಡಿದ. ಚಿಕ್ಕ ಜಾಗದಲ್ಲಿ ಕೆಲವೇ ಮಿಲಿಮೀಟರ್ ಆಳ ಸವೆಯಿತು. ಅಷ್ಟೇ! ಇನ್ನು 29 ಮೀಟರ್ ಕಂಬಕ್ಕೆ ಎಷ್ಟು ಜನರ ಎಷ್ಟು ಬೆವರು ಬೇಕಾಗಿತ್ತೋ ಲೆಕ್ಕ ಹಾಕಿ. ರಾಜನ ಹೆಸರು ಕಂಬದ ನಾಲ್ಕೂ ಮುಖದಲ್ಲಿದೆ. ಕುಕ್ಕಿದವರ ಹೆಸರು ಒಂದೂ ಇಲ್ಲ.

ಆಸ್ವಾನ್‌ನ ಗಣಿಯಲ್ಲಿ ಪೂರ್ತಿಯಾಗದ ಒಂದು ಒಬೆಲಿಸ್ಕ್ ಮಲಗಿದ್ದಂತೆಯೇ ಇದೆ. ಉದ್ದ ಸುಮಾರು 42 ಮೀಟರ್. ಅದು ಎದ್ದು ನಿಂತಿದ್ದರೆ ಸಾವಿರ ಟನ್ನಿಗೂ ಹೆಚ್ಚು ತೂಗುತ್ತಿತ್ತು. ಕಡಿಯುವಾಗ ಬಿರುಕು ಕಾಣಿಸಿಕೊಂಡಿದ್ದರಿಂದ ಕೈಬಿಟ್ಟರು. ಅದೂ ಹ್ಯಾಟ್‌ಶೆಪ್ಸುಟ್‌ಳ ಕಾಲದ್ದೇ ಎಂದು ಅನೇಕರ ಅಭಿಪ್ರಾಯ. ಸೋತ ಆ ಕಲ್ಲಿನಿಂದಲೇ ಕಡಿಯುವ ವಿಧಾನ ನಮಗೆ ಇಷ್ಟು ಚೆನ್ನಾಗಿ ತಿಳಿದದ್ದು.

ಸಾಗಿಸಿದ್ದು ನದಿಯಲ್ಲಿ. ಎರಡು ಒಬೆಲಿಸ್ಕ್‌ಗಳನ್ನು ಒಂದರ ಹಿಂದೆ ಒಂದು ಮಲಗಿಸಿದ ಭಾರಿ ದೋಣಿಯ ಚಿತ್ರ ಆಕೆಯ ದೇವಾಲಯದ ಗೋಡೆಯಲ್ಲಿದೆ. ಅದನ್ನು 27 ದೋಣಿಗಳು ಎಳೆಯುತ್ತಿವೆ, ಸುಮಾರು 850 ಮಂದಿ ಹುಟ್ಟು ಹಾಕುತ್ತಿದ್ದಾರೆ. ಕಲ್ಲು ಹೊತ್ತ ದೋಣಿ ಮುಳುಗುವುದಿಲ್ಲವೆ? ಆರ್ಕಿಮಿಡೀಸ್ ತತ್ವವನ್ನು ನೆನಪಿಸಿಕೊಳ್ಳಿ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಒಂದೊಂದು ಕಂಬ 320 ಟನ್ ಎಂದುಕೊಂಡರೆ ಎರಡಕ್ಕೆ 640 ಟನ್. ದೋಣಿ ಅಷ್ಟು ಕಲ್ಲಿಗೇ 640 ಘನ ಮೀಟರ್ ನೀರನ್ನು ಸರಿಸಬೇಕು. ನಿಮ್ಮ ತರಗತಿ ಕೋಣೆ 6 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರ ಇದ್ದರೆ ಅದರ ಗಾತ್ರ 108 ಘನ ಮೀಟರ್. ಅಂಥ ಆರು ಕೋಣೆ ತುಂಬುವಷ್ಟು ನೀರು! ದೋಣಿಯ ಸ್ವಂತ ತೂಕದ ಲೆಕ್ಕ ಬೇರೆ. ದೋಣಿ ಅಗಲವಾಗಿ, ಉದ್ದವಾಗಿ ಇದ್ದರೆ ಮಾತ್ರ ಇದು ಸಾಧ್ಯ. ಬೋಗುಣಿಯನ್ನು ಬಕೆಟ್ ನೀರಿನಲ್ಲಿ ತೇಲಿಬಿಟ್ಟು, ಒಂದೊಂದೇ ಕಲ್ಲು ಹಾಕುತ್ತಾ ಅದು ಎಷ್ಟು ಇಳಿಯುತ್ತದೆ ಎಂದು ಗೆರೆ ಎಳೆದು ನೋಡಿ. ಇದಕ್ಕೆ ಪ್ರಯೋಗಶಾಲೆ ಬೇಡ.

ಮೂರನೆಯದು, ಆಕೆ ಕಟ್ಟಿಸಿದ ದೇವಾಲಯ. ಲಕ್ಸರ್‌ನ ಎದುರಿನ ದಡದಲ್ಲಿ ದೆಯ್ರ್ ಎಲ್-ಬಹ್ರಿ ಎಂಬಲ್ಲಿ ಕಡಿದಾದ ಬಂಡೆಬೆಟ್ಟವಿದೆ. ಅದರ ಬುಡದಲ್ಲಿ ಮೂರು ಮೆಟ್ಟಿಲಿನಂತೆ ಮೂರು ವಿಶಾಲ ಅಂತಸ್ತುಗಳು, ನಡುವೆ ಹತ್ತಲು ಇಳಿಜಾರು ದಾರಿ, ಉದ್ದಕ್ಕೂ ಸುಣ್ಣಕಲ್ಲಿನ ಸಾಲು ಕಂಬಗಳು. ಬೆಟ್ಟದ ನೆಟ್ಟನೆಯ ಗೆರೆಗಳೂ ಕಂಬಗಳ ಗೆರೆಗಳೂ ಒಂದಾಗಿ ಕಾಣುತ್ತವೆ. ಚಿತ್ರದಲ್ಲಿ ನೋಡಿದರೂ ಈ ಕಟ್ಟಡ ನಿನ್ನೆ ಮೊನ್ನೆ ಕಟ್ಟಿದಂತಿದೆ ಎನಿಸುತ್ತದೆ. ಪೋಲೆಂಡಿನ ತಜ್ಞರು 1961ರಿಂದ ಇಲ್ಲಿಯ ಕಲ್ಲುಗಳನ್ನು ಜೋಡಿಸುವ ಕೆಲಸ ಮಾಡಿದ್ದಾರೆ.

ಈ ಕೆಲಸಗಳ ಉಸ್ತುವಾರಿಯಲ್ಲಿ ಸೆನೆನ್ಮುಟ್ ಎಂಬವನ ಹೆಸರು ಮುಖ್ಯ. ಮೇಲೆ ಜಾಡಿಗಳ ವಿಷಯ ಹೇಳಿದೆನಲ್ಲ, ಅದು ಇವನ ತಂದೆತಾಯಿಯ ಸಮಾಧಿಯದೇ. ಸಾಮಾನ್ಯ ಕುಟುಂಬದಿಂದ ಬಂದು, ರಾಜಕುಮಾರಿ ನೆಫೆರುರೆಯ ಗುರುವಾಗಿ, ಅರಮನೆಯ ದೊಡ್ಡ ಅಧಿಕಾರಿಯಾದವನು. ಅವನು ಈ ದೇವಾಲಯದ ಬಳಿ ನೆಲದೊಳಗೆ ತನಗಾಗಿ ಒಂದು ಸಮಾಧಿ ಕೊರೆಸಿಕೊಂಡಿದ್ದ. ಅದರ ಚಾವಣಿಯಲ್ಲಿ ಆಕಾಶವೇ ಇದೆ! ಮಹಾವ್ಯಾಧ ನಕ್ಷತ್ರಪುಂಜ, ಲುಬ್ಧಕ ನಕ್ಷತ್ರ, ಗುರು, ಶನಿ, ಬುಧ, ಶುಕ್ರ ಗ್ರಹಗಳು, ಹನ್ನೆರಡು ತಿಂಗಳಿಗೆ ಹನ್ನೆರಡು ವೃತ್ತಗಳು, ಪ್ರತಿ ವೃತ್ತದಲ್ಲಿ 24 ಭಾಗಗಳು. ಇದು ಈಜಿಪ್ಟಿನಲ್ಲಿ ಸಿಕ್ಕಿರುವ ಅತಿ ಹಳೆಯ ಖಗೋಳ ಚಾವಣಿಗಳಲ್ಲಿ ಮುಖ್ಯವಾದದ್ದು. ಲುಬ್ಧಕಕ್ಕೆ ಅಲ್ಲಿ ಯಾಕೆ ಅಷ್ಟು ಮಾನ? ವರ್ಷದಲ್ಲಿ ಸುಮಾರು 70 ದಿನ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತದೆ. ಮತ್ತೆ ಮುಂಜಾನೆ ಪೂರ್ವದಲ್ಲಿ ಮೊದಲ ಸಲ ಕಂಡಾಗ ನೈಲ್ ಉಕ್ಕುವ ಕಾಲ ಬಂತೆಂದು ಅರ್ಥ. ಉಕ್ಕಿದ ನದಿ ಹೊಲಗಳಿಗೆ ಹೊಸ ಮಣ್ಣು ತರುತ್ತಿತ್ತು. ರೈತರಿಗೆ ಮಳೆ ನಕ್ಷತ್ರ ಇದ್ದ ಹಾಗೆ. ಜನವರಿಯ ರಾತ್ರಿ ಮಹಾವ್ಯಾಧನ ನಡುವಿನ ಮೂರು ನಕ್ಷತ್ರಗಳನ್ನು ಹುಡುಕಿ, ಅದೇ ಗೆರೆಯಲ್ಲಿ ಆಗ್ನೇಯಕ್ಕೆ ನೋಡಿದರೆ ಲುಬ್ಧಕ ನಿಮಗೂ ಕಾಣುತ್ತದೆ. ಸೆನೆನ್ಮುಟ್ ನೋಡಿದ ನಕ್ಷತ್ರವೇ ಅದು.

ಹ್ಯಾಟ್‌ಶೆಪ್ಸುಟ್ ಸುಮಾರು ಇಪ್ಪತ್ತೊಂದು ವರ್ಷ ಅಧಿಕಾರದಲ್ಲಿದ್ದಳು. ಯುದ್ಧವೇ ಮಾಡಲಿಲ್ಲವೆಂದಲ್ಲ, ನುಬಿಯಾದ ಕಡೆ ದಂಡು ಹೋದದ್ದಕ್ಕೆ ಆಧಾರಗಳಿವೆ. ಆದರೆ ಆಕೆಯ ಆಳ್ವಿಕೆಯಲ್ಲಿ ಎದ್ದು ಕಾಣುವುದು ವ್ಯಾಪಾರ, ಕಟ್ಟಡ. ಸುಮಾರು ಕ್ರಿ.ಪೂ. 1458ರಲ್ಲಿ ತೀರಿಕೊಂಡಳು. ಆಗ ಸಿಂಹಾಸನ ಪೂರ್ತಿಯಾಗಿ ಮಲಮಗ ಮೂರನೇ ಥುಟ್‌ಮೋಸ್‌ಗೆ ಬಂತು. ಅವನು ಮುಂದೆ 17 ದಂಡಯಾತ್ರೆ ನಡೆಸಿದ ಮಹಾವೀರನೆನಿಸಿದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆಕೆ ಸತ್ತು ಸುಮಾರು ಇಪ್ಪತ್ತು ವರ್ಷಗಳ ನಂತರ ಗೋಡೆಗಳ ಮೇಲಿನ ಆಕೆಯ ಹೆಸರನ್ನು ಉಳಿಯಿಂದ ಕೆರೆದು ತೆಗೆದರು. ಚಿತ್ರದಲ್ಲಿ ಆಕೆ ಇದ್ದ ಜಾಗದಲ್ಲಿ ಆಕೆಯ ಆಕಾರದ ಗುಳಿ ಮಾತ್ರ ಉಳಿಯಿತು. ಹೆಸರಿದ್ದ ಕಡೆ ಆಕೆಯ ತಂದೆಯ, ಗಂಡನ, ಮಲಮಗನ ಹೆಸರು ಬಂತು. ಕಾರ್ನಾಕ್‌ನ ಒಬೆಲಿಸ್ಕ್‌ಗಳ ಸುತ್ತ ಗೋಡೆ ಎದ್ದಿತು. ಇದರಿಂದ ಒಳಗಿನ ಕೆತ್ತನೆ ಬಿಸಿಲು ಗಾಳಿಗೆ ಸವೆಯದೆ ಚೆನ್ನಾಗಿ ಉಳಿಯಿತು ಎಂಬುದು ತಮಾಷೆ. ಮುಂದೆ ರಾಜರ ಪಟ್ಟಿಗಳನ್ನು ಬರೆಸಿದಾಗ ಆಕೆಯ ಹೆಸರು ಬರಲೇ ಇಲ್ಲ. ಹೆಸರು ಉಳಿದರೆ ಸತ್ತವರು ಬದುಕಿರುತ್ತಾರೆ ಎಂಬುದು ಈಜಿಪ್ಟಿನವರ ನಂಬಿಕೆ. ಹಾಗಾಗಿ ಹೆಸರು ಅಳಿಸುವುದು ಅವರಿಗೆ ಸಣ್ಣ ವಿಷಯವಲ್ಲ.

ಮಲಮಗನ ದ್ವೇಷವೇ ಇದಕ್ಕೆಲ್ಲ ಕಾರಣ ಎಂದು ಬಹುಕಾಲ ಬರೆದರು. ನನಗೆ ಈ ಕಥೆಯಲ್ಲಿ ಮೊದಲಿನಿಂದಲೂ ಅನುಮಾನ. ದ್ವೇಷವಿದ್ದವನು ಇಪ್ಪತ್ತು ವರ್ಷ ಕಾಯುತ್ತಾನೆಯೇ? ಆಕೆಗೂ ಅವನ ಭಯವಿದ್ದಿದ್ದರೆ ಅವನ ಕೈಗೆ ಸೈನ್ಯ ಕೊಡುತ್ತಿದ್ದಳೇ? ತನ್ನ ಮಗನ ಪಟ್ಟಕ್ಕೆ ಬೇರೆ ಯಾರೂ ಹಕ್ಕು ಕೇಳದಿರಲಿ ಎಂದು ಅವನು ಹೀಗೆ ಮಾಡಿರಬಹುದು ಎಂಬುದು ಹಲವು ತಜ್ಞರ ಅಭಿಪ್ರಾಯ. ಒಡೆದ ಶಿಲ್ಪಗಳ ವಿಷಯದಲ್ಲಿ 2025ರಲ್ಲಿ ಹೊಸ ಮಾತು ಬಂದಿದೆ. ಟೊರಾಂಟೊ ವಿಶ್ವವಿದ್ಯಾಲಯದ ಜುನ್ ಯಿ ವಾಂಗ್ ಎಂಬವರು ಸುಮಾರು ನೂರು ವರ್ಷ ಹಿಂದಿನ ಉತ್ಖನನದ ಟಿಪ್ಪಣಿ, ಫೋಟೋಗಳನ್ನು ಮತ್ತೆ ಪರಿಶೀಲಿಸಿದರು. ಅನೇಕ ಶಿಲ್ಪಗಳು ಕತ್ತು, ಸೊಂಟ, ಮೊಣಕಾಲುಗಳಲ್ಲಿ ಮಾತ್ರ ಮುರಿದಿವೆ, ಮುಖ ಹಾಗೆಯೇ ಇದೆ. ಸತ್ತ ರಾಜರ ಶಿಲ್ಪಗಳ ಶಕ್ತಿ ತೆಗೆಯಲು ಹೀಗೆ ಮುರಿಯುವ ಪದ್ಧತಿ ಅಲ್ಲಿ ಇತ್ತು, ಬೇರೆ ಫೇರೋಗಳ ಶಿಲ್ಪಗಳಿಗೂ ಹೀಗೆ ಮಾಡಿದ್ದರು. ಕೋಪದಿಂದ ಒಡೆದವರು ಮೊದಲು ಒಡೆಯುವುದು ಮುಖವನ್ನಲ್ಲವೆ?

ಆಕೆ ಮರಳಿ ಸಿಕ್ಕಿದ್ದು ನಿಧಾನವಾಗಿ. ಈಜಿಪ್ಟಿನ ಚಿತ್ರಲಿಪಿಯನ್ನು 1822ರಲ್ಲಿ ಬಿಡಿಸಿದ ಶಾಂಪೋಲಿಯನ್ 1829ರಲ್ಲಿ ಈ ದೇವಾಲಯಕ್ಕೆ ಬಂದ. ಗಡ್ಡದ ರಾಜನ ಚಿತ್ರದ ಪಕ್ಕದಲ್ಲಿ ಹೆಣ್ಣಿನ ಪ್ರತ್ಯಯಗಳನ್ನು ಓದಿ ಗೊಂದಲಕ್ಕೊಳಗಾದ. ವ್ಯಾಕರಣವನ್ನು ಬೇಸರದ ವಿಷಯ ಎನ್ನುವವರು ಇದನ್ನು ಗಮನಿಸಬೇಕು. ಕಳೆದುಹೋದ ದೊರೆಯೊಬ್ಬಳ ಮೊದಲ ಸುಳಿವು ಕೊಟ್ಟದ್ದು ವ್ಯಾಕರಣ! 1920ರ ದಶಕದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರು ದೇವಾಲಯದ ಬಳಿಯ ಗುಂಡಿಗಳನ್ನು ಅಗೆದಾಗ ಆಕೆಯ ಶಿಲ್ಪಗಳ ಸಾವಿರಾರು ಚೂರುಗಳು ಸಿಕ್ಕವು. ಒಂದೊಂದಾಗಿ ಅವನ್ನು ಜೋಡಿಸಿದರು.

ಆಕೆಯ ದೇಹ? ಹೊವಾರ್ಡ್ ಕಾರ್ಟರ್ ಆಕೆಯ ಸಮಾಧಿಯನ್ನು 1903-04ರಲ್ಲಿ ಶೋಧಿಸಿದಾಗ ಕಲ್ಲಿನ ಪೆಟ್ಟಿಗೆ ಖಾಲಿಯಾಗಿತ್ತು. ಹತ್ತಿರದ ಇನ್ನೊಂದು ಚಿಕ್ಕ ಸಮಾಧಿಯಲ್ಲಿ ಹೆಸರಿಲ್ಲದ ದಪ್ಪ ಹೆಂಗಸಿನ ಮಮ್ಮಿಯೊಂದು ನೆಲದ ಮೇಲೆ ಬಿದ್ದಿತ್ತು. ಅದಕ್ಕೂ ಮೊದಲೇ, 1881ರಲ್ಲಿ, ಬೇರೊಂದು ಕಡೆ ಆಕೆಯ ಹೆಸರಿರುವ ಪುಟ್ಟ ಮರದ ಪೆಟ್ಟಿಗೆ ಸಿಕ್ಕಿತ್ತು. 2007ರಲ್ಲಿ ಆ ಪೆಟ್ಟಿಗೆಯನ್ನು ತೆರೆಯದೆ ಸಿಟಿ ಸ್ಕ್ಯಾನ್ ಮಾಡಿದರು. ಒಳಗೆ ಒಂದು ದವಡೆಹಲ್ಲು! ಆ ಮಮ್ಮಿಯ ಬಾಯಲ್ಲಿ ಒಂದು ಹಲ್ಲು ಇರಲಿಲ್ಲ, ಅಳತೆ ಹೊಂದಿತು. ಈಜಿಪ್ಟಿನ ಪುರಾತತ್ವ ಅಧಿಕಾರಿ ಜಾಹಿ ಹವಾಸ್ ಇವಳೇ ಹ್ಯಾಟ್‌ಶೆಪ್ಸುಟ್ ಎಂದು ಪ್ರಕಟಿಸಿದರು. ಬೇರುಗಳ ಸಂಖ್ಯೆ ಸರಿಹೊಂದುವುದಿಲ್ಲ ಎಂದು ಕೆಲವರು ಆಕ್ಷೇಪ ಎತ್ತಿದ್ದಾರೆ. ವಿಜ್ಞಾನದಲ್ಲಿ ಇಂಥ ವಾದ ಇರಲೇಬೇಕು. ಮಮ್ಮಿ ಆಕೆಯದೇ ಆಗಿದ್ದರೆ, ಸುಮಾರು ಐವತ್ತರ ವಯಸ್ಸಿನ ಆಕೆಗೆ ಹಲ್ಲಿನ ಕೀವಿನ ಜೊತೆ ಮೂಳೆಗೆ ಹರಡಿದ ಕ್ಯಾನ್ಸರ್ ಇತ್ತು. 2021ರ ಏಪ್ರಿಲ್ 3ರಂದು ಕೈರೋ ನಗರದ ಬೀದಿಗಳಲ್ಲಿ 22 ರಾಜರಾಣಿಯರ ಮಮ್ಮಿಗಳನ್ನು ಮೆರವಣಿಗೆಯಲ್ಲಿ ಹೊಸ ವಸ್ತುಸಂಗ್ರಹಾಲಯಕ್ಕೆ ಒಯ್ದಾಗ ಈ ಮಮ್ಮಿಯೂ ಅವುಗಳಲ್ಲಿತ್ತು. 2025ರ ಫೆಬ್ರವರಿಯಲ್ಲಿ ಆಕೆಯ ಗಂಡ ಎರಡನೇ ಥುಟ್‌ಮೋಸ್‌ನ ಸಮಾಧಿ ಪತ್ತೆಯಾದ ಸುದ್ದಿ ಬಂತು. ಅಲ್ಲಿ ಸಿಕ್ಕಿದ ಜಾಡಿ ಚೂರುಗಳಲ್ಲಿ ಆಕೆಯ ಹೆಸರೂ ಇತ್ತು.

ಶಿಬಿರದ ಮಕ್ಕಳಿಗೆ ಇಷ್ಟನ್ನೂ ಹೇಳಲು ಎರಡು ಮಧ್ಯಾಹ್ನ ಬೇಕಾಯಿತು. ಸಿವಿಲೈಜೇಶನ್ ಎಂಬ ಪ್ರಸಿದ್ಧ ಕಂಪ್ಯೂಟರ್ ಆಟವನ್ನು ತಯಾರಿಸುವವರಿಗೂ ಇದೇ ಪ್ರಶ್ನೆ ಎದುರಾಗುತ್ತಾ ಬಂದಿದೆ ಎಂದೂ ತಿಳಿಸಿದೆ. 1991ರ ಮೊದಲ ಆಟದಲ್ಲಿ ಈಜಿಪ್ಟಿಗೆ ಅವರು ಆರಿಸಿದ್ದು ರಾಮ್‌ಸೆಸ್‌ನನ್ನು. 2005ರ ನಾಲ್ಕನೆಯದರಲ್ಲಿ ಹ್ಯಾಟ್‌ಶೆಪ್ಸುಟ್, 2016ರ ಆರನೆಯದರಲ್ಲಿ ಕ್ಲಿಯೋಪಾತ್ರ, 2025ರ ಏಳನೆಯದರಲ್ಲಿ ಮತ್ತೆ ಹ್ಯಾಟ್‌ಶೆಪ್ಸುಟ್. ರಾಮ್‌ಸೆಸ್ ಬೇಕೆಂದಿದ್ದ ಹುಡುಗ ಸುಲಭಕ್ಕೆ ಒಪ್ಪಲಿಲ್ಲ. ಯುದ್ಧವಿಲ್ಲದ ದೊರೆ ಆಟದಲ್ಲಿ ಗೆಲ್ಲುವುದು ಹೇಗೆ ಎಂಬುದು ಅವನ ತಕರಾರು. ಕೊನೆಗೆ ಗುಂಪು ರಟ್ಟಿನ ಚೀಟಿಗಳನ್ನು ಕತ್ತರಿಸಿತು. ಹಡಗಿನ ಚೀಟಿ ಐದು. ಮರದ ಚೀಟಿ 31, ಪ್ರತಿಯೊಂದಕ್ಕೂ ಅಂಕ, ನೀರು ಹಾಕದಿದ್ದರೆ ಅಂಕ ಹೋಗುತ್ತದೆ. ಕಲ್ಲಿನ ಚೀಟಿಗೆ ಬಿರುಕಿನ ಅಪಾಯ. ಇನ್ನೊಂದು ನಿಯಮ ಸೂಚಿಸಿದ್ದು ಆ ರಾಮ್‌ಸೆಸ್ ಹುಡುಗನೇ. ಆಟದ ನಡುವೆ ಎದುರಾಳಿ ಬೇಕಾದರೆ ಹ್ಯಾಟ್‌ಶೆಪ್ಸುಟ್ ಎಂಬ ಹೆಸರಿನ ಚೀಟಿಯನ್ನು ಬೋರಲು ಹಾಕಬಹುದು, ಆಗ ಗಳಿಸಿದ ಅಂಕಗಳೆಲ್ಲ ಮಾಯ. ಆದರೆ ಮುರಿದ ಶಿಲ್ಪದ ಮೂರು ಚೂರುಗಳನ್ನೂ ಒಂದು ಹಲ್ಲನ್ನೂ ಹುಡುಕಿ ತಂದವರು ಅದನ್ನು ಮತ್ತೆ ಮೇಲುಮಾಡಬಹುದು. ಹಲ್ಲಿನ ಚೀಟಿಯನ್ನು ಎಲ್ಲಿ ಅಡಗಿಸಿದ್ದಾರೆಂದು ನನಗೂ ಹೇಳಲಿಲ್ಲ.